ಅಕ್ಕ, ಅವಳ ವಾಲ್ವ್ ಮತ್ತು ಎರಡು ಸರ್ಕಾರಗಳು

ಮನುಷ್ಯನ ದೇಹ ನಶ್ವರ, ನೀರಿನ ಗುಳ್ಳೆ ಇದ್ದ ಹಾಗೆ ಎಂದು ಹಿರಿಯರು ಹೇಳಿ ಹೋಗಿದ್ದಾರೆ. ಆದರೆ ಆ ಗುಳ್ಳೆ ಯಾವ ದೇಶದ ನೀರಿನ ಮೇಲಿದೆ, ಅದಕ್ಕೆ ಪುರಾವೆಯಾಗಿ ಎರಡು ಜೆರಾಕ್ಸ್ ಇದೆಯೇ ಎಂಬುದನ್ನು ಅವರಲ್ಲಿ ಯಾರೂ ಪ್ರಸ್ತಾಪಿಸಿದಂತಿಲ್ಲ. ಪಾಪ, ಅವರ ಕಾಲದಲ್ಲಿ ಕೌಂಟರುಗಳಿರಲಿಲ್ಲ.

ನನ್ನ ಅಕ್ಕನ ಹೆಸರು ಆರೋಗ್ಯಮೇರಿ. ಇದು ನಾನು ತಮಾಷೆಗೆ ಇಟ್ಟ ಹೆಸರಲ್ಲ. ಜ್ಞಾನಸ್ನಾನ ಕೊಟ್ಟ ಪಾದ್ರಿಗಳು ಇಟ್ಟದ್ದು. ನಮ್ಮ ಕಡೆಯ ಕಥೋಲಿಕರಲ್ಲಿ ಮಾಮೂಲಿ ಹೆಸರು. ಅಕ್ಕನಿಗೆ ಎಪ್ಪತ್ನಾಲ್ಕು, ನನಗೆ ಎಪ್ಪತ್ತೊಂದು. ಅವಳು ಹರೆಯದಲ್ಲೇ ನರ್ಸಿಂಗ್ ಓದಿ ಬ್ರಿಟನ್ನಿಗೆ ಹೋದಳು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ಮದುವೆಯಾಗಲಿಲ್ಲ. ವೀಸಾ ವೀಸಾ ಎಂದು ಆಫೀಸಿಗೆ ಅಲೆದು ಸಾಕಾಗಿ ಅಲ್ಲಿಯ ಪೌರತ್ವ ತೆಗೆದುಕೊಂಡಳು. ನಿವೃತ್ತಿಯಾಗಿ ಎಷ್ಟೋ ಕಾಲದ ಮೇಲೆ, ಆರು ವರ್ಷದ ಹಿಂದೆ, ಬನ್ನಿಮಂಟಪದ ನಮ್ಮ ಮನೆಗೆ ಬಂದು ಮಹಡಿಯ ಕೋಣೆಯಲ್ಲಿ ನೆಲೆಸಿದಳು. ಅವಳು ಇದ್ದದ್ದು ಲಂಡನ್ನಿನಿಂದ ಬಹುದೂರದ, ಜನರಿಗಿಂತ ಕುರಿಗಳು ಹೆಚ್ಚಿರುವ ಒಂದು ಊರಿನಲ್ಲಿ. ಆದರೆ ಮೈಸೂರಿನಲ್ಲಿ ನಿಂತು ನೋಡಿದರೆ ಬ್ರಿಟನ್ ಪೂರ್ತಿ ಲಂಡನ್ನೇ. ಹಾಗಾಗಿ ನಾನು ಎಲ್ಲ ಕಡೆಯಲ್ಲೂ 'ನಮ್ಮಕ್ಕ, ಲಂಡನ್ನಲ್ಲಿದ್ರು' ಎಂದೇ ಪರಿಚಯ ಮಾಡಿಸುತ್ತಿದ್ದೆ. ಈ ಚಟದ ಫಲವನ್ನು ಮುಂದೆ ಹೇಳುತ್ತೇನೆ.

ಒಂದು ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಬೈಬಲಿನ ಶುಭಸಂದೇಶ ಓದುವಾಗ ಎಲ್ಲರೂ ಎದ್ದು ನಿಂತೆವು.

ಅಕ್ಕ ಕೂತಳು.

ಬೇರೆಯವರು ಕೂತರೆ ಕಾಲು ನೋವು ಅನ್ನಬಹುದು. ಅಕ್ಕ ಜ್ವರದಲ್ಲೂ ನಿಂತು ಕೇಳುವವಳು. ನಾನು ಬಗ್ಗಿ ನೋಡಿದೆ. ತುಟಿ ಬಿಳಿಚಿತ್ತು. "ಏನಕ್ಕ?" ಎಂದೆ. "ಏನಿಲ್ಲ, ಸುಮ್ನಿರೋ, ಓದ್ತಾವ್ರೆ" ಎಂದು ಗದರಿ, ಗದರಿದ ಮುಖದಲ್ಲೇ ನನ್ನ ಹೆಂಡತಿ ಸಿಸಿಲಿಯ ಮಡಿಲಿಗೆ ವಾಲಿದಳು.

ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋದೆವು. ಇಸಿಜಿ, ಆಮೇಲೆ ಎಕೋ. ಡಾಕ್ಟರು ಚಿಕ್ಕ ವಯಸ್ಸಿನವರು, ಮೆಲುದನಿಯವರು. "ಎಯೋರ್ಟಿಕ್ ವಾಲ್ವ್ ತುಂಬಾ ಕಿರಿದಾಗಿದೆ, ಸಿವಿಯರ್. ಬದಲಾಯಿಸಬೇಕು" ಎಂದರು. ಹೃದಯದಿಂದ ರಕ್ತ ಹೊರಡುವ ಬಾಗಿಲು ಸುಣ್ಣಗಟ್ಟಿದೆಯಂತೆ, ತೆರೆಯುವುದಿಲ್ಲವಂತೆ. ನಾನು ತಲೆಯಾಡಿಸಿದೆ. ಅಕ್ಕ ಎಕೋ ಕಾಗದವನ್ನು ತಾನೇ ಇಸಿದುಕೊಂಡು ಓದಿದಳು. ನಂತರ ಬೇರೆ ಯಾರದೋ ರಿಪೋರ್ಟನ್ನು ಚರ್ಚಿಸುವವಳಂತೆ "ತಲೆ ಸುತ್ತಿ ಬಿದ್ದ ಮೇಲೆ ಇವರು ಜಾಸ್ತಿ ದಿನ ಇರಲ್ಲ ಅಲ್ವಾ ಡಾಕ್ಟ್ರೇ?" ಎಂದಳು.

"ಇವರು ಅಂದ್ರೆ ನೀವೇ ಮೇಡಂ" ಎಂದರು ಡಾಕ್ಟರು.

"ಗೊತ್ತಪ್ಪ. ಅದಕ್ಕೇ ಬಹುವಚನದಲ್ಲಿ ಕೇಳಿದ್ದು."

ಒಂದೆರಡು ತಿಂಗಳೊಳಗೆ ಮಾಡಿಸಿ, ಮುಂದೂಡಬೇಡಿ ಎಂದರು. ನಂತರ ಖರ್ಚಿನ ಮಾತಿಗೆ ನಮ್ಮನ್ನು ಒಂದು ತಂಪು ಕೋಣೆಗೆ ಕಳಿಸಿದರು. ಪಾಸ್‌ಪೋರ್ಟ್ ನೋಡಿದ್ದರಿಂದ ಅದು ವಿದೇಶಿ ರೋಗಿಗಳ ಡೆಸ್ಕ್ ಆಗಿತ್ತು. ಟೈ ಕಟ್ಟಿದ ತರುಣನೊಬ್ಬ ವಿಮಾನ ನಿಲ್ದಾಣದಿಂದ ಕಾರು ಬೇಕೇ, ದುಭಾಷಿ ಬೇಕೇ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ವಿಚಾರಿಸಿದ.

"ಕಾರು ಬ್ಯಾಡ ಕಣಪ್ಪ, ನಾವು ಬನ್ನಿಮಂಟಪದೋರು. ನನ್ ತಮ್ಮ ಹೇಳೋದು ನಂಗರ್ಥ ಆಗಲ್ಲ, ಅದ್ಕೆ ಯಾರಾದ್ರೂ ಇದ್ರೆ ಕಳ್ಸು" ಎಂದಳು ಅಕ್ಕ.

ಅವನು ಹೇಳಿದ ಮೊತ್ತವನ್ನು ನಾನಿಲ್ಲಿ ಬರೆಯುವುದಿಲ್ಲ. ನನಗೂ ಒಂದು ಹೃದಯವಿದೆ.

ನಾನು ಹೆದರಲಿಲ್ಲ. ಯಾಕೆಂದರೆ ನನ್ನ ಹತ್ತಿರ, ಎಪ್ಪತ್ತು ದಾಟಿದವರ ಆಸ್ಪತ್ರೆ ಖರ್ಚನ್ನು ಸರ್ಕಾರವೇ ಕಟ್ಟುವ ಆಯುಷ್ಮಾನ್ ಕಾರ್ಡ್ ಇತ್ತು. ನಮ್ಮ ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಕೂತು, ಶಿಫ್ಟಿಗೆ ಬರುವವರಿಗೆ 'ನಿನಗೆ ಇಎಸ್‌ಐ ಬರುತ್ತೆ, ನಿನಗೆ ಬರಲ್ಲ' ಎಂದು ಹೇಳಿ ಹೇಳಿ ನಿವೃತ್ತನಾದವನು ನಾನು. ಅರ್ಹತೆಯ ವಿಚಾರದಲ್ಲಿ ನನಗೆ ತಿಳಿಯದ್ದು ಇಲ್ಲವೆಂಬುದು ನನ್ನ ಖಾಸಗಿ ಅಭಿಪ್ರಾಯವಾಗಿತ್ತು. ವಯಸ್ಸಾದವರಿಗೆ ಸರ್ಕಾರದ ಕಾರ್ಡ್ ಉಂಟು, ಅಕ್ಕನಿಗೆ ವಯಸ್ಸಾಗಿದೆ, ಆದ್ದರಿಂದ ಅಕ್ಕನಿಗೆ ಕಾರ್ಡ್ ಉಂಟು. ತರ್ಕದಲ್ಲಿ ಎಲ್ಲೂ ದೋಷ ಕಾಣಲಿಲ್ಲ.

ಮಂಗಳವಾರ ಸಿಟಿ ಬಸ್ಸಿನಲ್ಲಿ ಲಕ್ಷ್ಮೀಪುರಂ ಕಡೆಯ ಸೇವಾ ಕೇಂದ್ರಕ್ಕೆ ಹೊರಟೆವು. ಹೆಂಗಸರಿಗೆ ಬಸ್ಸು ಉಚಿತ. ಅಕ್ಕ ಆಧಾರ್ ತೋರಿಸಿದಳು, ಕಂಡಕ್ಟರ್ ಸೊನ್ನೆ ದರದ ಟಿಕೆಟ್ ಕೊಟ್ಟ. ಮೊದಲ ಸಲ ಹತ್ತಿದಾಗ ಅವಳು ತಾನಾಗಿಯೇ "ನಂದು ಬೇರೆ ದೇಶದ ಪಾಸ್‌ಪೋರ್ಟು ಕಣಪ್ಪ, ಪರವಾಗಿಲ್ವಾ?" ಎಂದು ಕೇಳಿದ್ದಳಂತೆ. ಅವನು "ಕರ್ನಾಟಕದ ಅಡ್ರೆಸ್ ಐತಲ್ಲಜ್ಜಿ, ಒಳೀಕ್ಕೋಗಿ" ಎಂದಿದ್ದನಂತೆ. ಇಷ್ಟು ಪ್ರಾಮಾಣಿಕಳನ್ನು ಬಸ್ಸು ಹತ್ತಿಸಿಕೊಂಡ ಸರ್ಕಾರ ಆಸ್ಪತ್ರೆಗೆ ಸೇರಿಸಿಕೊಳ್ಳದೇ ಇದ್ದೀತೇ ಎಂದು, ನನ್ನ ಟಿಕೆಟಿಗೆ ಚಿಲ್ಲರೆ ಕೊಡುತ್ತ, ನಾನು ಇನ್ನಷ್ಟು ಧೈರ್ಯ ತಂದುಕೊಂಡೆ.

ಸೇವಾ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಒಬ್ಬಳು ಹೆಣ್ಣುಮಗಳು ಕೂತಿದ್ದಳು. ಅಕ್ಕನ ಆಧಾರ್ ನೋಡಿದಳು.

"ಎಪ್ಪತ್ನಾಕಾ? ಆಯ್ತದೆ ಬುಡಿ ಸಾರ್. ಅಜ್ಜಿ, ಬೆರಳು ಒರೆಸ್ಕೊಂಡು ಇಲ್ಲಿಡಿ."

ಈ ಕ್ಷಣದಲ್ಲಿ ಬುದ್ಧಿವಂತನಾದವನು ಫ್ಯಾನು ನೋಡುತ್ತಾನೆ. ನಾನು ಗಂಟಲು ಸರಿಮಾಡಿಕೊಂಡೆ. "ನಮ್ಮಕ್ಕ ಲಂಡನ್ನಲ್ಲಿದ್ರು. ಬ್ರಿಟಿಷ್ ಸಿಟಿಜನ್" ಎಂದು ಪಾಸ್‌ಪೋರ್ಟನ್ನು, ಮಂಗಳಾರತಿ ತಟ್ಟೆ ಇಡುವ ಗಾಂಭೀರ್ಯದಿಂದ, ಮೇಜಿನ ಮೇಲಿಟ್ಟೆ. ಅದನ್ನು ಕಂಡರೆ ಕೆಲಸ ಬೇಗ ಆಗುತ್ತದೆ, ಅಕ್ಕನಿಗೆ ಒಂದು ಕುರ್ಚಿಯಾದರೂ ಸಿಗುತ್ತದೆ ಎಂಬುದು ನನ್ನ ಎಣಿಕೆ.

ಹುಡುಗಿಯ ಕೈ ನಿಂತಿತು.

"ಅಲ್ಲಿ ಕೆಲ್ಸಕ್ಕಿದ್ದಿದ್ದಾ ಸಾರ್, ಇಲ್ಲಾ ಅಲ್ಲಿ ಸಿಟಿಜನ್ನೇನಾ?"

"ಸಿಟಿಜನ್ನೇ" ಎಂದೆ, ಇನ್ನೂ ಹೆಮ್ಮೆಯಿಂದ.

"ಹಂಗಾದ್ರೆ ಆಗಲ್ಲ ಸಾರ್. ಇದು ಭಾರತದ ಪ್ರಜೆಗಳಿಗೆ."

ನಾನು ಬ್ರಹ್ಮಾಸ್ತ್ರ ತೆಗೆದೆ. ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್. ಎಷ್ಟು ವರ್ಷ ಬೇಕಾದರೂ ಇಲ್ಲಿ ಇರಬಹುದು, ಸಾಯುವ ತನಕ. "ನೋಡಮ್ಮ, ಇದ್ರಲ್ಲಿ ಸಿಟಿಜನ್ ಅಂತಾನೂ ಇದೆ, ಇಂಡಿಯಾ ಅಂತಾನೂ ಇದೆ."

"ಹೆಸ್ರಲ್ಲಿದೆ ಸಾರ್. ಇರಕ್ಕೆ ಪರ್ಮಿಷನ್ನು ಅದು. ಪ್ರಜೆ ಅಂತ ಅಲ್ಲ."

ಹಿಂದೆ ಸಾಲಿನಲ್ಲಿದ್ದ ದಪ್ಪ ಮೀಸೆಯವರೊಬ್ಬರು ನಿಟ್ಟುಸಿರುಬಿಟ್ಟರು. "ಅಲ್ಲಾ ಸ್ವಾಮಿ, ಬೆರಳಿಡೋವಷ್ಟೊತ್ತು ಬಾಯಿ ಮುಚ್ಕೊಂಡಿರಕ್ಕೆ ಆಗ್ಲಿಲ್ವಾ ನಿಮ್ಗೆ?"

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಅಕ್ಕ ನಗುತ್ತಿದ್ದಳು. ನಗುವಿನಿಂದ ಮೇಲುಸಿರು ಬಂದು, ಎದೆ ಹಿಡಿದುಕೊಂಡು ಮತ್ತೆ ನಕ್ಕಳು.

"ನೀನು ಹೇಳ್ದಿದ್ರೆ ನಾನೇ ಹೇಳ್ತಿದ್ದೆ ಕಣೋ ಚಿನ್ನಪ್ಪ. ಸುಳ್ಳು ಕಾರ್ಡಲ್ಲಿ ಎದೆ ಕುಯ್ಸ್ಕೊಳಲ್ಲ ನಾನು. ಆದ್ರೆ ನಿನ್ನಷ್ಟು ಜಂಬದಲ್ಲಿ ಹೇಳ್ತಿರ್ಲಿಲ್ಲ."

ಮನೆಗೆ ಬಂದು ಅವಳು ನನಗೆ ವಿಷಯವನ್ನು ಬಿಡಿಸಿ ಹೇಳಿದಳು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆ ಅಲ್ಲಿ ವಾಸವಿರುವವರಿಗೆ. ಪಾಸ್‌ಪೋರ್ಟ್ ಇದ್ದರಷ್ಟೇ ಸಾಲದು. ಊರು ಬಿಟ್ಟು ಹೋದವರಿಗೆ ಆಪರೇಷನ್ ಬಿಟ್ಟಿ ಇಲ್ಲ. ಇಲ್ಲಿಯ ಕಾರ್ಡ್ ಪ್ರಜೆಗಳಿಗೆ. ವಾಸವಿದ್ದರಷ್ಟೇ ಸಾಲದು. ಅಕ್ಕನಿಗೆ ಪೌರತ್ವ ಇರುವುದು ಅಲ್ಲಿ, ವಾಸ ಇರುವುದು ಇಲ್ಲಿ. ಎರಡು ಸರ್ಕಾರಗಳೂ ತಮ್ಮ ತಮ್ಮ ಮಟ್ಟಿಗೆ ನ್ಯಾಯವಾಗಿಯೇ ಮಾತಾಡುತ್ತಿದ್ದವು. ನಡುವೆ ಅಕ್ಕ ಇದ್ದಳು. ಭಾರತದ ಪೌರತ್ವಕ್ಕೆ ಮತ್ತೆ ಅರ್ಜಿ ಹಾಕಲು ಅವಕಾಶವಿದೆಯಂತೆ, ಕಾಲ ಹಿಡಿಯುತ್ತದಂತೆ. ಅದುವರೆಗೆ ಕಾಯಲು ವಾಲ್ವಿಗೆ ಯಾರೂ ನೋಟಿಸು ಕೊಟ್ಟಿರಲಿಲ್ಲ.

"ಅಲ್ಲಿಗೆ ಹೋದ್ರೆ ಮಾಡ್ತಾರಾ?" ಎಂದೆ.

"ಮಾಡ್ತಾರೆ. ಆದ್ರೆ ಹೋದ್ರೆ ನಿಜವಾಗ್ಲೂ ಹೋಗ್ಬೇಕು. ರೂಮು ಮಾಡ್ಕೊಂಡು, ಇನ್ಮೇಲೆ ಇಲ್ಲೇ ಇರೋದು ಅಂತ. ಆಪರೇಷನ್ ಆದ್ಮೇಲೂ ಈ ವಾಲ್ವ್ ನೋಡ್ತಾನೇ ಇರ್ಬೇಕಲ್ಲ. ಹೋಗಿ ಮಾಡಿಸ್ಕೊಂಡು ಓಡಿಬರೋದಲ್ಲ ಅದು."

ಅಂದರೆ ಇಷ್ಟೇ. ಇಲ್ಲಿ ಉಳಿದರೆ ಕೈಯಿಂದ ಕಟ್ಟಬೇಕು. ಕಟ್ಟುವುದು ಬೇಡವೆಂದರೆ ಎಪ್ಪತ್ನಾಲ್ಕರಲ್ಲಿ, ಈ ಎದೆ ಹೊತ್ತುಕೊಂಡು, ಕುರಿಗಳ ಊರಿಗೆ ಒಬ್ಬಳೇ ಶಾಶ್ವತವಾಗಿ ಹೊರಡಬೇಕು.

ಒಂದು ಅರ್ಹತೆ ಮಾತ್ರ ಅಕ್ಕನಿಗೆ ನಿರ್ವಿವಾದವಾಗಿತ್ತು. ನಮ್ಮ ಚರ್ಚಿನ ಸಿಮೆಟ್ರಿಯಲ್ಲಿ ಅಪ್ಪ ಅಮ್ಮನ ಸಮಾಧಿಯಲ್ಲಿ ಅವಳಿಗೆ ಜಾಗವಿದೆ. ಬಂದ ವರ್ಷವೇ ಫಾದರ್ ಹತ್ತಿರ ಮಾತಾಡಿ ಖಾತ್ರಿ ಮಾಡಿಕೊಂಡಿದ್ದಳು. ಮೈಸೂರಿನಲ್ಲಿ ಅವಳು ಸಾಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಬದುಕಲು ಹೊರಟಾಗಲೇ ಕಾಗದ ಕೇಳಿದರು.

ಅವಳ ಹತ್ತಿರ ದುಡ್ಡಿರಲಿಲ್ಲವೆಂದಲ್ಲ. ಅಲ್ಲಿನ ಬ್ಯಾಂಕಿನಲ್ಲಿ ಒಂದು ಗಂಟಿತ್ತು. 'ವಾಪಸ್ ಹೋಗೋ ದುಡ್ಡು' ಎಂದೇ ಅವಳು ಅದನ್ನು ಕರೆಯುತ್ತಿದ್ದದ್ದು. ಇಲ್ಲಿ ಹೊಂದಿಕೆಯಾಗದೆ ಹೋದರೆ, ನಾವು ಬೇಸರ ಮಾಡಿಕೊಂಡರೆ, ಮರಳಿ ಹೋಗಿ ರೂಮು ಹಿಡಿದು ಕಾಲೂರಲು. ಛಾವಣಿ ಸೋರಿದಾಗಲೂ ಅವಳು ತಿಂಗಳ ಪಿಂಚಣಿಯಿಂದ ಕೊಟ್ಟಳೇ ಹೊರತು ಅದನ್ನು ಮುಟ್ಟಲಿಲ್ಲ. ನಾನೂ ಕೇಳಲಿಲ್ಲ. ಆದರೆ ಆ ಗಂಟು ನನ್ನನ್ನು ಒಳಗೊಳಗೇ ಚುಚ್ಚುತ್ತಿತ್ತು. ಆರು ವರ್ಷದಿಂದ ಮನೆಯೊಳಗೆ ಕೂತ ನೆಂಟರು ಇನ್ನೂ ಚಪ್ಪಲಿ ಬಿಟ್ಟಿಲ್ಲ ಅನ್ನಿಸುವ ಹಾಗೆ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ನಾನು, ಬಹಳ ಜವಾಬ್ದಾರಿಯ ದನಿಯಲ್ಲಿ, "ಅಕ್ಕ, ಟಿಕೆಟ್ ಏನಾದ್ರೂ ನೋಡಿಸ್ಲಾ?" ಎಂದೆ. ಅಕ್ಕ ಲೋಟ ಕೆಳಗಿಟ್ಟು "ನೋಡ್ಸು" ಎಂದಳು. ಮೆಟ್ಟಿಲು ಹತ್ತಿ ಹೋದಳು. ಮಧ್ಯದಲ್ಲಿ ಒಮ್ಮೆ ನಿಂತು ಸುಧಾರಿಸಿಕೊಂಡಳು. ಅಲ್ಲಿಯವರೆಗೂ ಕೆಳಗಿಂದ ನೋಡುತ್ತಿದ್ದ ಸಿಸಿಲಿ ನನ್ನ ಕಡೆ ತಿರುಗಿದಳು.

"ಏನ್ರೀ ನೀವು, ಬಸ್ ಸ್ಟ್ಯಾಂಡಲ್ಲಿ ಕೇಳ್ದಂಗೆ ಕೇಳ್ತೀರಾ? ಆ ಕೌಂಟರಲ್ಲಿ ಬ್ಯಾಡದ ಕಡೆ ಬಾಯಿ ಬಿಟ್ರಿ. ಇಲ್ಲಿ 'ಇರಕ್ಕ' ಅನ್ನಕ್ಕೆ ಬಾಯಿ ಬರ್ಲಿಲ್ವಾ?"

"ಅವಳ ಜೀವದ ಪ್ರಶ್ನೆ. ನಾನು ಹೆಂಗೆ ಬಲವಂತ ಮಾಡ್ಲಿ?"

"ಬಲವಂತ ಬ್ಯಾಡ. ಬಾಯಿ ಬಿಡಿ ಸಾಕು."

ನಾನು ಮಹಡಿಗೆ ಹೋದೆ. ಅಕ್ಕ ಮಂಚದ ತುದಿಯಲ್ಲಿ ಕೂತು ಕಾಲಿನ ಬಾವನ್ನು ಬೆರಳಿಂದ ಒತ್ತಿ ನೋಡುತ್ತಿದ್ದಳು. ಒತ್ತಿದ ಕಡೆ ಗುಳಿ ಹಾಗೇ ಉಳಿಯುತ್ತಿತ್ತು. ನಾನು ಬಾಗಿಲಲ್ಲೇ ನಿಂತು, "ಸರ್ಕಾರಿ ಹಾರ್ಟ್ ಆಸ್ಪತ್ರೇಲಿ ಒಂದ್ಸಲ ಕೇಳೋಣ. ಕಾರ್ಡ್ ಇಲ್ದೋರ್ಗೂ ಮಾಡ್ತಾರಂತೆ. ಇಲ್ಲೇ ಇರು" ಎಂದೆ. ಕೊನೆಯ ಎರಡು ಪದಗಳು ಸ್ವಲ್ಪ ಮೆಲ್ಲಗೆ ಬಂದವು.

ಅವಳು ತಲೆಯೆತ್ತಲಿಲ್ಲ. "ಎದೆಮೂಳೆ ಸೀಳ್ತಾರೆ ಕಣೋ. ಮೂರು ತಿಂಗ್ಳು ಒಂದು ಬಿಂದಿಗೆ ಎತ್ತಂಗಿಲ್ಲ. ಕೈ ಮೇಲಕ್ಕೆ ಎತ್ತಿ ತಲೆ ಬಾಚಂಗಿಲ್ಲ. ನೋಡ್ಕೊಳಕ್ಕಾಗ್ತದಾ?"

"ಸಿಸಿಲಿ ಇದಾಳಲ್ಲ."

"ಸಿಸಿಲಿನ ಕೇಳಲಿಲ್ಲ. ನಿನ್ನ ಕೇಳ್ದೆ."

"ಆಗ್ತದೆ" ಎಂದೆ.

ಸರ್ಕಾರಿ ಆಸ್ಪತ್ರೆಯ ನೋಂದಣಿ ಕಿಟಕಿಗೆ ಹೋಗುವ ಮುಂಚೆ ಅಕ್ಕ ನನ್ನನ್ನು ಒಂದು ಕಂಬದ ಹತ್ತಿರ ನಿಲ್ಲಿಸಿದಳು. "ಈ ಸಲ ನಾನು ಮಾತಾಡ್ತೀನಿ. ನೀನು ಚೀಲ ಹಿಡ್ಕೊ."

"ಬಿಪಿಎಲ್ಲಾ ಎಪಿಎಲ್ಲಾ?" ಎಂದ ಕಿಟಕಿಯೊಳಗಿನ ಗುಮಾಸ್ತ.

"ಎರಡೂ ಅಲ್ಲ ಕಣಪ್ಪ. ನಾನು ಫಾರಿನರ್ರು."

ಅವನು ಕನ್ನಡಕ ತೆಗೆದು ಅವಳ ನೂಲಿನ ಸೀರೆ, ಮುಡಿದ ಕಾಕಡ ಎರಡನ್ನೂ ನೋಡಿದ. "ಊರು?"

"ಬನ್ನಿಮಂಟಪ."

ಆತ ಒಳಗೆ ಎದ್ದು ಹೋಗಿ ಯಾರನ್ನೋ ಕೇಳಿಕೊಂಡು ಬಂದ. ಕಾರ್ಡ್ ಇಲ್ಲದ ಕಾರಣ ಜನರಲ್ ಎಂದು ಬರೆದುಕೊಳ್ಳುತ್ತಾರೆ. ಪೂರ್ತಿ ನಾವೇ ಕಟ್ಟಬೇಕು. ಪಾಸ್‌ಪೋರ್ಟ್, ಓಸಿಐ, ಆಧಾರ್ ಎಲ್ಲದರ ಜೆರಾಕ್ಸ್ ಕೊಡಬೇಕು. ಯಾರೂ ಗದರಲಿಲ್ಲ, ಯಾರೂ ಕುರ್ಚಿಯನ್ನೂ ಕೊಡಲಿಲ್ಲ. ಸರ್ಜನ್ ರಿಪೋರ್ಟ್ ನೋಡಿ, "ಕಾಲಿನ ರಕ್ತನಾಳದಿಂದ ಹಾಕೋ ವಾಲ್ವೂ ಇದೆ ಅಮ್ಮ, ಎದೆ ತೆರೆಯಬೇಕಾಗಿಲ್ಲ, ಆದರೆ ಅದರ ರೇಟೇ ಬೇರೆ" ಎಂದರು. ಅಕ್ಕ ಎದೆ ತೆರೆಯಿರಿ ಎಂದಳು. ಕಟ್ಟಬೇಕಾದ ದುಡ್ಡು ಆ ತಂಪು ಕೋಣೆಯಲ್ಲಿ ಕೇಳಿದ್ದರ ಪಕ್ಕದಲ್ಲಿ ಚಿಕ್ಕದು. ನಮ್ಮ ಪಕ್ಕದಲ್ಲಿ ದೊಡ್ಡದು.

ಅಲ್ಲೇ ಬೆಂಚಿನ ಮೇಲೆ ಕೂತು ಅಕ್ಕ ಫೋನು ತೆಗೆದು ಅಲ್ಲಿನ ಬ್ಯಾಂಕಿನ ಗಂಟನ್ನು ಇಲ್ಲಿಯ ಖಾತೆಗೆ ಹಾಕಿಸಿಕೊಳ್ಳುವ ಏರ್ಪಾಟು ಮಾಡಿದಳು. ಎಲ್ಲವನ್ನೂ. "ಸ್ವಲ್ಪ ಅಲ್ಲೇ ಇರ್ಲಿ ಅಕ್ಕ" ಎಂದೆ.

"ಯಾಕೋ? ಆಪರೇಷನ್ ಆದ್ಮೇಲೆ ಮಾತ್ರೆ, ಹಾಲು, ಹಣ್ಣು ನಿಮ್ಮಪ್ಪ ತಂದ್ಕೊಡ್ತಾನಾ?"

ನಮ್ಮಪ್ಪ ಅವಳಪ್ಪನೂ ಹೌದು ಎಂದು ನಾನು ಹೇಳಲಿಲ್ಲ.

ಆರು ವರ್ಷದ ಮೇಲೆ ಅಕ್ಕ ಚಪ್ಪಲಿ ಬಿಟ್ಟಿದ್ದಳು.

ರಕ್ತ ಬೇಕೆಂದರು. ಚರ್ಚಿನ ಯುವಕರು ಬಂದು ಕೊಟ್ಟರು. ರಕ್ತದಾನದ ಫಾರಂನಲ್ಲಿ ರಾಷ್ಟ್ರೀಯತೆಯ ಕಾಲಂ ಇದೆಯೇ ಎಂದು ನಾನು ಹುಡುಕಿ ನೋಡಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ಹಾಕುವ ವಾಲ್ವ್ ಹಸುವಿನ ಹೃದಯದ ಪೊರೆಯಿಂದ ಮಾಡಿದ್ದಂತೆ. ಯಾವ ದೇಶದ್ದು ಎಂದು ಕೇಳಿದೆ. ಹೊರಗಡೆಯದು ಎಂದರು. ಅದಕ್ಕೆ ಪ್ರವೇಶ ತಕ್ಷಣ ದೊರೆಯಿತು.

ಆಪರೇಷನ್ ದಿನ ನಾನೂ ಸಿಸಿಲಿಯೂ ಕಾರಿಡಾರಿನಲ್ಲಿ ಕೂತಿದ್ದೆವು. ಸಿಸಿಲಿ ಜಪಮಾಲೆ ಎಣಿಸುತ್ತಿದ್ದಳು. ನಾನು ಗೋಡೆಯ ಮೇಲಿನ 'ಮೌನವಾಗಿರಿ' ಎಂಬ ಫಲಕವನ್ನು ಓದುತ್ತಿದ್ದೆ. ಜೀವನದಲ್ಲಿ ಇಷ್ಟು ತಡವಾಗಿ ಕಣ್ಣಿಗೆ ಬಿದ್ದ ಉಪದೇಶ. ಮಧ್ಯಾಹ್ನ ಕಳೆದ ಮೇಲೆ ಸರ್ಜನ್ ಹೊರಗೆ ಬಂದು "ಆಯ್ತು" ಎಂದರು. ಅವರ ಟೋಪಿಯ ಅಂಚು ಬೆವರಿನಿಂದ ನೆನೆದಿತ್ತು.

ಮೂರನೆಯ ದಿನ ಹೃದಯದ ಲಯ ತಪ್ಪಿತು.

ಗಾಜಿನ ಆಚೆಯಿಂದ ನೋಡಿದೆ. ಪರದೆಯ ಮೇಲಿನ ಗೆರೆ, ಕಾರ್ಖಾನೆಯ ಗೇಟಿನಲ್ಲಿ ಸೈರನ್ ಆದಮೇಲೆ ಓಡಿಬರುವವರಂತೆ, ಒಂದರ ಮೇಲೊಂದು ಬೀಳುತ್ತಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅಕ್ಕ ನನ್ನನ್ನು ಬೈಯುತ್ತಿದ್ದಾಳೆ. ನಾನು ಲಾಗ ಹಾಕಿ ಹಲ್ಲು ಮುರಿದುಕೊಂಡಾಗ ಬೈದಿದ್ದಳು, ಅಲ್ಲಿಂದ ಬರೆದ ಕಾಗದಗಳಲ್ಲೂ ಮೊದಲ ಸಾಲಿನಲ್ಲಿ ಕ್ಷೇಮ ಕೇಳಿ ಎರಡನೆಯ ಸಾಲಿನಿಂದ ಬೈಯುತ್ತಿದ್ದಳು. ಆ ದನಿ ಇಲ್ಲದ ಮನೆಯಲ್ಲಿ ನಾನು ಏನು ಮಾಡಿಕೊಂಡು ಇರುತ್ತೇನೆ ಎಂದು ಮೊದಲ ಬಾರಿಗೆ ಯೋಚಿಸಿದೆ. ಡ್ಯೂಟಿ ಡಾಕ್ಟರು "ಇದು ಕೆಲವರಿಗೆ ಆಗತ್ತೆ, ಇಂಜೆಕ್ಷನ್ ಕೊಟ್ಟಿದೀವಿ, ಕಾಯೋಣ" ಎಂದರು. ಕಾದೆವು. ಮಾರನೆಯ ಬೆಳಗಿಗೆ ಲಯ ಸರಿಹೋಯಿತು.

ಆಮೇಲೆ ನನ್ನನ್ನು ಒಳಗೆ ಬಿಟ್ಟರು. ಅಕ್ಕ ಒಡೆದ ದನಿಯಲ್ಲಿ ಏನೋ ಹೇಳಿದಳು. ಕಿವಿ ಹತ್ತಿರ ತಂದೆ.

"ಬೆಡ್‌ಶೀಟ್ ಮೂಲೆ ಹಿಂಗಾ ಮಡಚೋದು?"

ಪಕ್ಕದಲ್ಲಿದ್ದ ನರ್ಸ್ ನಕ್ಕು ಮೂಲೆಯನ್ನು ಮತ್ತೆ ಮಡಚಿದಳು. ಅಕ್ಕ ನೋಡಿ, "ಹೂಂ" ಎಂದಳು.

ಮನೆಗೆ ಬಂದ ಮೇಲಿನದು ಬೇರೆಯೇ ಕೆಲಸ. ಅವಳ ಮಂಚವನ್ನು ಕೆಳಗಿನ ಹಾಲಿಗೆ ತಂದೆವು. ಉಸಿರೆಳೆದು ಮೂರು ಚೆಂಡು ಏರಿಸುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಮೊದಲು ಒಂದು ಚೆಂಡು ಅಲುಗಿತು. ಎಷ್ಟೋ ದಿನಕ್ಕೆ ಎರಡು ಎದ್ದವು. ಕೆಮ್ಮು ಬಂದರೆ ಅವಳು ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ಆ ದಿಂಬು ಸದಾ ನನ್ನ ಕೈಗೆಟುಕುವ ಹಾಗೆ ಇರಬೇಕು. ನಾನು ತಲೆ ಬಾಚುವುದನ್ನು ಕಲಿತೆ. ಮೊದಲ ಜಡೆ ತೆಂಗಿನ ನಾರಿನ ಹಗ್ಗದಂತೆ ಬಂತು. ಅಕ್ಕ ಕನ್ನಡಿ ನೋಡಿ, "ಟೈಮ್ ಆಫೀಸಲ್ಲಿ ಇದನ್ನೇ ಮಾಡ್ತಿದ್ಯಾ?" ಎಂದಳು. ಸಿಸಿಲಿ ನಾನು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಹಾಕಲು ಬಂದಳು. ಅಕ್ಕ ಬೇಡವೆಂದಳು. "ಇರ್ಲಿ ಬುಡು ಸಿಸಿಲಿ. ಒಪ್ಕೊಂಡವ್ನೆ, ಮಾಡ್ಲಿ."

ಕೆಲವು ಮಧ್ಯಾಹ್ನ ಅವಳು ಕಾರಣವಿಲ್ಲದೆ ಅಳುತ್ತಿದ್ದಳು. ಎದೆಯ ಆಪರೇಷನ್ ಆದವರಿಗೆ ಹಾಗಾಗುತ್ತದೆ, ತಾನು ವಾರ್ಡಿನಲ್ಲಿ ಎಷ್ಟೋ ಜನರಿಗೆ ಹಾಗೆ ಹೇಳಿದ್ದೇನೆ ಎಂದು ಅಳುತ್ತಲೇ ವಿವರಿಸುತ್ತಿದ್ದಳು. ನಾನು ದಿಂಬು ಹಿಡಿದುಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದೆ. ಬೇರೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಈಗಲೂ ತಿಳಿಯದು. ದೇವರಿಗೆ, ಆ ಬೆವರಿದ ಸರ್ಜನ್ನರಿಗೆ, ರಕ್ತ ಕೊಟ್ಟ ಹುಡುಗರಿಗೆ ನಾವು ಋಣಿಗಳು. ಸರ್ಕಾರಗಳ ಮೇಲೂ ನನಗೆ ದ್ವೇಷವಿಲ್ಲ. ಗೆರೆ ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು. ಟೈಮ್ ಆಫೀಸಿನಲ್ಲಿ ಇಷ್ಟು ವರ್ಷ ಕೂತವನಿಗೆ ಅ‌ದು ಗೊತ್ತು. ಗೆರೆಯ ಮೇಲೆಯೇ ಮನೆ ಕಟ್ಟಿಕೊಂಡವರು ಇರುತ್ತಾರೆಂಬುದು ಮಾತ್ರ ಗೊತ್ತಿರಲಿಲ್ಲ.

ಕಳೆದ ವಾರ ಚೆಕಪ್ಪಿಗೆ ಹೋದೆವು. ಆಟೋ ತರುತ್ತೇನೆಂದೆ. ಬಸ್ಸಿನಲ್ಲೇ ಹೋಗೋಣ, ಹತ್ತುವುದಕ್ಕೆ ಆಗುತ್ತದೋ ನೋಡಬೇಕು ಎಂದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲುಸಿರು ಬರಲಿಲ್ಲ. ಕಂಡಕ್ಟರ್ "ಆಧಾರ್ ತೋರ್ಸಿ ಅಜ್ಜಿ" ಎಂದ. ತೋರಿಸಿದಳು.

ನಾನು ಅಭ್ಯಾಸಬಲದಿಂದ "ನಮ್ಮಕ್ಕ..." ಎಂದೆ.

ಅಕ್ಕ ನನ್ನ ಕಡೆ ನೋಡಿದಳು.

"...ಸೀಟಿದ್ರೆ ಕೊಡಿಸಪ್ಪ" ಎಂದು ಮುಗಿಸಿದೆ.

ಡಾಕ್ಟರು ಎಕೋ ನೋಡಿದರು. ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದೆ. ಆರು ತಿಂಗಳ ನಂತರ ಮತ್ತೆ ಬರಲು ಹೇಳಿದ್ದಾರೆ. ಅಕ್ಕನಿಗೆ ಕಾರ್ಡ್ ಆಗಿಲ್ಲ.